ಹಬ್ಬದ ಗಿಫ್ಟ್, ಫ್ರೀ ಐಟಂ, ಸ್ಯಾಂಪಲ್: ಬಿಲ್ ಹೇಗೆ ಬರೆಯಬೇಕು, ಯಾವ ತೆರಿಗೆ ಎಲ್ಲಿ ಬರುತ್ತೆ

ಆಯುಧ ಪೂಜೆ ಹತ್ತಿರ ಬಂತು ಅಂದ್ರೆ ನನ್ನ ಟೇಬಲ್ ಮೇಲೆ ಒಂದೇ ಥರದ ಬಿಲ್‌ಗಳು ಬಂದು ಬೀಳೋಕೆ ಶುರುವಾಗುತ್ತವೆ. ಸ್ಟೀಲ್ ಡಬ್ಬಿ 200, ಸ್ವೀಟ್ ಬಾಕ್ಸ್ 60, ಅಂಗಡಿ ಹೆಸರು ಹಾಕಿಸಿದ ಬ್ಯಾಗು 500. ಡಿಸೆಂಬರ್‌ನಲ್ಲಿ ಡೈರಿ. ಬಿಲ್ ಕೊಡುವವರೆಲ್ಲ ಕೇಳುವುದು ಒಂದೇ ಮಾತು: "ಇದರ ಜಿಎಸ್‌ಟಿ ನಮಗೆ ಕ್ರೆಡಿಟ್ ಸಿಗುತ್ತೆ ಅಲ್ವಾ?" ಅಂದ್ರೆ, ಕೊಂಡಾಗ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು ಅಲ್ವಾ ಅಂತ.

ಬಿಲ್ ನೋಡಿ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಆ ಡಬ್ಬಿಯನ್ನು ಯಾರಿಗೆ, ಯಾಕೆ, ಯಾವ ಕಾಗದದ ಮೇಲೆ ಕೊಟ್ಟಿರಿ ಅನ್ನೋದು ಗೊತ್ತಾಗಬೇಕು. ಅದೇ ಡಬ್ಬಿ ಒಂದು ರೀತಿ ಕೊಟ್ಟರೆ ಕ್ರೆಡಿಟ್ ಹೋಗುತ್ತೆ, ಇನ್ನೊಂದು ರೀತಿ ಕೊಟ್ಟರೆ ಉಳಿಯುತ್ತೆ. ಅದಕ್ಕೇ ಆರ್ಡರ್ ಕೊಡುವ ಮೊದಲೇ ಇದನ್ನು ತೀರ್ಮಾನಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಂಚಿ ಆದಮೇಲೆ ಕಾಗದ ತಿದ್ದುವುದು ಕಷ್ಟ, ತಪ್ಪು ಕೂಡ.

ನನ್ನ ಕಣ್ಣೆದುರೇ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಒಂದು ಅಂಗಡಿಯವರು ಎರಡು ವರ್ಷ ಸತತವಾಗಿ 60,000 ರೂಪಾಯಿ ಡೈರಿ ಮಾಡಿಸಿ ಗಿರಾಕಿಗಳಿಗೆ ಹಂಚಿದ್ದರು. ಡೈರಿಗೆ ಶೇ. 18 ತೆರಿಗೆ. ವರ್ಷಕ್ಕೆ 10,800 ರೂಪಾಯಿ ಕ್ರೆಡಿಟ್ ತಗೊಂಡು, ಅದನ್ನು ಬಳಸಿಯೂ ಬಿಟ್ಟಿದ್ದರು. ಆಮೇಲೆ ಇಲಾಖೆಯಿಂದ ವಿಚಾರಣೆ ಬಂತು. 21,600 ತೆರಿಗೆ ವಾಪಸ್ ಕಟ್ಟಬೇಕಾಯಿತು. ವರ್ಷಕ್ಕೆ ಶೇ. 18ರಂತೆ ಬಡ್ಡಿ ಬೇರೆ. ಮೊದಲ ವರ್ಷದ್ದಕ್ಕೆ 26 ತಿಂಗಳು, ಎರಡನೆಯದಕ್ಕೆ 14 ತಿಂಗಳು, ಒಟ್ಟು 6,480 ರೂಪಾಯಿ. ನೋಟಿಸ್ ಆಗುವ ಮೊದಲೇ, ತಾವಾಗಿಯೇ ಬಾಕಿ ಕಟ್ಟುವ ಡಿಆರ್‌ಸಿ-03 ಫಾರ್ಮ್‌ನಲ್ಲಿ ಕಟ್ಟಿದ್ದರಿಂದ ದಂಡ ಬೀಳಲಿಲ್ಲ. ಅವರು ಮೋಸ ಮಾಡಿರಲಿಲ್ಲ. "ನಮ್ಮ ಅಂಗಡಿ ಪ್ರಚಾರಕ್ಕೇ ತಾನೇ ಕೊಟ್ಟಿದ್ದು" ಅಂತ ನಂಬಿದ್ದರು, ಅಷ್ಟೇ. ಆ ನಂಬಿಕೆ ಬಹಳ ಜನರಲ್ಲಿದೆ.

ಮೊದಲು: ಇದು ಗಿಫ್ಟಾ, ಆಫರಾ, ಇನ್ಸೆಂಟಿವ್ವಾ?

ಒಂದು ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ ಅಂದುಕೊಳ್ಳಿ. ಮಾಲೀಕರು ತಲಾ 350 ರೂಪಾಯಿಯ 200 ಸ್ಟೀಲ್ ಡಬ್ಬಿ ತರಿಸಿದ್ದಾರೆ. ಬೆಲೆ 70,000, ಶೇ. 5ರಂತೆ ಜಿಎಸ್‌ಟಿ 3,500.

ಹಬ್ಬದ ದಿನ ಮೇಸ್ತ್ರಿಗಳಿಗೆ, ಕಂಟ್ರಾಕ್ಟರ್‌ಗಳಿಗೆ, ಹಳೇ ಗಿರಾಕಿಗಳಿಗೆ ಪ್ರೀತಿಯಿಂದ ಒಂದೊಂದು ಕೊಟ್ಟರು. ಏನೂ ವಾಪಸ್ ಕೇಳಿಲ್ಲ. ಇದು ಗಿಫ್ಟ್. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಗಿಫ್ಟ್ ಅಥವಾ ಫ್ರೀ ಸ್ಯಾಂಪಲ್ ಆಗಿ ಕೊಟ್ಟ ವಸ್ತುವಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. 3,500 ನಿಮ್ಮ ಖರ್ಚೇ. ಡಬ್ಬಿಯ ಲೆಕ್ಕ ಪುಸ್ತಕದಲ್ಲಿ 73,500 ಆಗುತ್ತೆ. ಆದರೆ ಕೊಡುವಾಗ ಮತ್ತೆ ತೆರಿಗೆ ಕಟ್ಟಬೇಕಿಲ್ಲ. ಸಂಬಂಧವಿಲ್ಲದವರಿಗೆ ದುಡ್ಡಿಲ್ಲದೆ ಕೊಟ್ಟದ್ದು ಸಪ್ಲೈ (ಜಿಎಸ್‌ಟಿ ಬೀಳುವ ವ್ಯವಹಾರ) ಅನ್ನಿಸಿಕೊಳ್ಳುವುದಿಲ್ಲ.

ಈಗ ಅದೇ ಡಬ್ಬಿಯನ್ನು "20 ಲೀಟರ್ ಪೇಂಟ್ ಬಕೆಟ್ ತಗೊಂಡರೆ ಒಂದು ಡಬ್ಬಿ ಫ್ರೀ" ಅಂತ ಬೋರ್ಡ್ ಹಾಕಿ ಕೊಟ್ಟರೆ? ಇಲ್ಲಿ ಯಾರಿಗೂ ಏನೂ ಫ್ರೀ ಸಿಗುತ್ತಿಲ್ಲ. ಗಿರಾಕಿ ಕೊಡುವ ಒಂದೇ ಬೆಲೆಗೆ ಎರಡು ವಸ್ತು ಹೋಗುತ್ತಿವೆ. 2019ರ ಮಾರ್ಚ್ 7ರ ಸುತ್ತೋಲೆ 92ರಲ್ಲಿ ಜಿಎಸ್‌ಟಿ ನೋಡಿಕೊಳ್ಳುವ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಇದನ್ನೇ ಸ್ಪಷ್ಟ ಮಾಡಿದೆ. ಟೂತ್‌ಪೇಸ್ಟ್ ಜೊತೆ ಬ್ರಶ್ ಫ್ರೀ ಅನ್ನುವ ಉದಾಹರಣೆಯನ್ನೂ ಕೊಟ್ಟಿದೆ. ಹೀಗೆ ಕೊಟ್ಟರೆ 3,500 ಕ್ರೆಡಿಟ್ ಪೂರ್ತಿ ಉಳಿಯುತ್ತೆ. ಪೇಂಟ್‌ಗೆ ಶೇ. 18, ಡಬ್ಬಿಗೆ ಶೇ. 5. ಒಂದೇ ಬೆಲೆಗೆ ಹೋಗುವುದರಿಂದ ಜಾಸ್ತಿ ಇರುವ ದರ, ಅಂದ್ರೆ ಶೇ. 18 ಬೀಳುತ್ತೆ. ಬಕೆಟ್‌ಗೆ ಹೇಗಿದ್ದರೂ ಶೇ. 18 ಕಟ್ಟುತ್ತಿದ್ದಿರಿ, ಹಾಗಾಗಿ ನಷ್ಟವಿಲ್ಲ.

ಬಿಲ್‌ನಲ್ಲಿ ಇದು ಕಾಣಬೇಕು. "ಆಫರ್ ಪ್ಯಾಕ್: ಪೇಂಟ್ 20 ಲೀ. 1 + ಸ್ಟೀಲ್ ಡಬ್ಬಿ 1" ಅಂತ ಒಂದು ಐಟಂ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಳ್ಳಿ. ಬಿಲ್ ಹೊಡೆದಾಗ ಸ್ಟಾಕ್‌ನಿಂದ ಎರಡೂ ಕಡಿಮೆಯಾಗಬೇಕು. ಪೇಂಟ್‌ಗೆ ಮಾತ್ರ ಬಿಲ್ ಹಾಕಿ ಡಬ್ಬಿಯನ್ನು ಕೈಗೆ ಕೊಟ್ಟು ಕಳಿಸಿದರೆ ಕಾಗದದಲ್ಲಿ ಅದು ಗಿಫ್ಟೇ. ಆಫರ್ ಎಂದಿನಿಂದ ಎಂದಿನವರೆಗೆ ಅಂತ ಬರೆದ ಬೋರ್ಡಿನ ಒಂದು ಫೋಟೊ ಫೈಲ್‌ನಲ್ಲಿ ಇಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜ್ ಇದ್ದರೆ ಅದನ್ನೂ ಪ್ರಿಂಟ್ ತೆಗೆದಿಡಿ.

ಮೂರನೆಯದು ಟಾರ್ಗೆಟ್. "ಮೂರು ತಿಂಗಳಲ್ಲಿ ಇಷ್ಟು ಮಾಲು ಎತ್ತಿದರೆ ಚಿನ್ನದ ನಾಣ್ಯ, ಇಲ್ಲಾಂದ್ರೆ ಟಿವಿ" ಅಂತ ಡೀಲರ್‌ಗಳಿಗೆ ಹೇಳುವುದು. ಇದು ಗಿಫ್ಟ್ ಅಲ್ಲ, ಮಾತು ಕೊಟ್ಟು ಕೊಡುವುದು ಅನ್ನೋ ವಾದ ಬಲವಾಗಿಯೇ ಇದೆ. ಗಿಫ್ಟ್ ಅಂದರೆ ಯಾರೂ ಹಕ್ಕಿನಿಂದ ಕೇಳಲಾಗದ್ದು ಅಂತ 2017ರ ಜುಲೈ 10ರ ಪತ್ರಿಕಾ ಪ್ರಕಟಣೆಯಲ್ಲಿ ಮಂಡಳಿಯೇ ನೌಕರರ ವಿಷಯದಲ್ಲಿ ಹೇಳಿತ್ತು. ಆದರೆ ತೆರಿಗೆ ಬೀಳುತ್ತೋ ಇಲ್ಲವೋ ಅಂತ ಅರ್ಜಿ ಹಾಕಿದವರಿಗೆ ಮೊದಲೇ ತೀರ್ಪು ಹೇಳುವ ಮುಂಗಡ ತೀರ್ಪು ಪ್ರಾಧಿಕಾರಗಳು ಇಂಥ ಸ್ಕೀಮ್‌ಗಳ ನಾಣ್ಯ, ಟಿವಿ, ಟೂರ್ ಎಲ್ಲವನ್ನೂ ಗಿಫ್ಟ್ ಅಂತಲೇ ನೋಡಿ ಕ್ರೆಡಿಟ್ ನಿರಾಕರಿಸಿವೆ. ಅಂಥ ತೀರ್ಪು ಅರ್ಜಿ ಹಾಕಿದವರಿಗೆ ಮಾತ್ರ ಅನ್ವಯ ನಿಜ. ಆದರೂ ನಿಮ್ಮ ಫೈಲ್ ನೋಡುವ ಅಧಿಕಾರಿ ಅದನ್ನು ಓದಿರುತ್ತಾರೆ. ಸಣ್ಣ ವ್ಯಾಪಾರದಲ್ಲಿ ಈ ಜಗಳ ಬೇಡ ಅನ್ನೋದು ನನ್ನ ಅಭಿಪ್ರಾಯ. ಟಾರ್ಗೆಟ್ ಮುಟ್ಟಿದವರಿಗೆ ಮುಂದಿನ ಬಿಲ್‌ನಲ್ಲೇ ಡಿಸ್ಕೌಂಟ್ ಕೊಡಿ. ಬಿಲ್‌ನಲ್ಲಿ ಬರೆದು ಕಳೆದ ಡಿಸ್ಕೌಂಟಿನ ಮೇಲೆ ತೆರಿಗೆ ಇಲ್ಲ, ನಿಮ್ಮ ಕ್ರೆಡಿಟ್ಟಿಗೂ ಕುತ್ತಿಲ್ಲ.

ಇನ್ನು ಈಚೆಗೆ ಜಾಸ್ತಿ ಆಗಿರುವುದು ರೀಲ್ಸ್ ವ್ಯವಹಾರ. "ನಮ್ಮ ಸೀರೆ ಉಟ್ಟು ಒಂದು ವಿಡಿಯೊ ಮಾಡಿ, ಸೀರೆ ನೀವೇ ಇಟ್ಟುಕೊಳ್ಳಿ" ಅಂತ ಕಳಿಸುತ್ತಾರೆ. ಇದನ್ನು ಗಿಫ್ಟ್ ಅಂತ ಬರೆಯಬೇಡಿ. ವಿಡಿಯೊಗೆ ಬದಲಾಗಿ ಸೀರೆ, ಅಂದ್ರೆ ಇದು ಅದಲು ಬದಲು. ಜಿಎಸ್‌ಟಿಯಲ್ಲಿ ಇದು ಸಪ್ಲೈ. ಮಾರುಕಟ್ಟೆ ಬೆಲೆಗೆ ಇನ್‌ವಾಯ್ಸ್ ಮಾಡಿ ತೆರಿಗೆ ಕಟ್ಟಿ, ಸೀರೆ ಕೊಂಡಾಗಿನ ಕ್ರೆಡಿಟ್ ಇಟ್ಟುಕೊಳ್ಳಿ. ವಿಡಿಯೊ ಆದಮೇಲೆ ವಸ್ತು ವಾಪಸ್ ಬರುವುದಾದರೆ ಡೆಲಿವರಿ ಚಲನ್ (ಮಾಲಿನ ಜೊತೆ ಕಳಿಸುವ ಚೀಟಿ) ಮೇಲೆ "ಮರಳಿಸತಕ್ಕದ್ದು" ಅಂತ ಬರೆದು ಕಳಿಸಿ.

ಸ್ಯಾಂಪಲ್ ಮಾಡುವವರಿಗೆ

ಮಸಾಲೆ ಪುಡಿ, ಕಾಫಿ ಪುಡಿ, ಉಪ್ಪಿನಕಾಯಿ ಮಾಡುವವರು ಸಂತೆ, ಜಾತ್ರೆ, ಮೇಳಗಳಲ್ಲಿ ಸಣ್ಣ ಪೌಚ್ ಹಂಚುತ್ತಾರೆ. ನೀವೇ ಮಾಡಿದ ವಸ್ತುವಿಗೆ ಖರೀದಿ ಬಿಲ್ ಇರುವುದಿಲ್ಲ. ಹಾಗಂತ ಲೆಕ್ಕ ತಪ್ಪುವುದಿಲ್ಲ. ಸ್ಯಾಂಪಲ್‌ಗೆ ಎಷ್ಟು ಸಾಮಾನು ಹೋಯಿತೋ ಅಷ್ಟರ ಕ್ರೆಡಿಟ್ ಬಿಡಬೇಕು. ಸುತ್ತೋಲೆ 92ರ ಪ್ರಕಾರ ಸಾಮಾನು ಮಾತ್ರವಲ್ಲ, ಅದಕ್ಕೆ ತಗೊಂಡ ಸೇವೆಗಳೂ ಸೇರುತ್ತವೆ. ಸ್ಯಾಂಪಲ್ ಕಳಿಸಿದ ಕೊರಿಯರ್ ಚಾರ್ಜ್ ಕೂಡ ಇದರಲ್ಲಿ ಬರುತ್ತೆ. ಉದಾಹರಣೆಗೆ ಸ್ಯಾಂಪಲ್ ಪೌಚಿಗೆಂದೇ 4,000 ರೂಪಾಯಿಯ ಪ್ಯಾಕಿಂಗ್ ಫಿಲ್ಮ್ ತಂದು ಅದಕ್ಕೆ ಶೇ. 18 ಕಟ್ಟಿದ್ದರೆ ಆ 720 ರೂಪಾಯಿ ಬಿಡಿ. ಬ್ಯಾಚ್ ಮಾಡುವಾಗಲೇ "ಸ್ಯಾಂಪಲ್‌ಗೆ ಇಷ್ಟು ಕೆಜಿ" ಅಂತ ಪುಸ್ತಕದಲ್ಲಿ ಬರೆದಿಟ್ಟರೆ ಈ ಲೆಕ್ಕ ಐದು ನಿಮಿಷದ ಕೆಲಸ.

ಅಂಗಡಿ ಮುಂದಿನ ಬೋರ್ಡು, ಸ್ಟ್ಯಾಂಡಿ, ಡೀಲರ್ ಅಂಗಡಿಯಲ್ಲಿ ಇಟ್ಟ ನಿಮ್ಮ ರ‍್ಯಾಕು ಬೇರೆ ವಿಷಯ. ಅದು ನಿಮ್ಮದಾಗಿಯೇ ಇದ್ದು ನಿಮ್ಮ ವ್ಯಾಪಾರಕ್ಕೆ ಬಳಕೆ ಆಗುತ್ತಿರುವವರೆಗೆ ಗಿಫ್ಟ್ ಅಲ್ಲ. ಮಾಲೀಕತ್ವ ನಮ್ಮದು ಅಂತ ಚಲನ್‌ನಲ್ಲಿ ಬರೆಸಿ ಡೀಲರ್ ಸಹಿ ಹಾಕಿಸಿಕೊಳ್ಳಿ.

ಗಿಫ್ಟ್ ಬಾಕ್ಸ್ ಮಾರುವವರು ಇದನ್ನು ಗಮನವಿಟ್ಟು ಓದಿ

ಬೇಕರಿ, ಸ್ವೀಟ್ ಸ್ಟಾಲ್, ಡ್ರೈಫ್ರೂಟ್ ಅಂಗಡಿಯವರು ಹಬ್ಬಕ್ಕೆ ಕಂಪನಿಗಳಿಗೆ ಬಾಕ್ಸ್ ಮಾಡಿಕೊಡುತ್ತಾರೆ. ಬೇರೆಬೇರೆ ವಸ್ತುಗಳನ್ನು ಕಟ್ಟಿ ಒಂದೇ ಬೆಲೆಗೆ ಮಾರಿದರೆ ಅದು ಮಿಕ್ಸೆಡ್ ಸಪ್ಲೈ. ಒಳಗಿರುವುದರಲ್ಲಿ ಯಾವುದರ ದರ ಎಲ್ಲಕ್ಕಿಂತ ಜಾಸ್ತಿಯೋ ಅದೇ ಇಡೀ ಬಾಕ್ಸಿಗೆ. ಕಾಯ್ದೆಯಲ್ಲೇ ಇದಕ್ಕೆ ಕೊಟ್ಟಿರುವ ಉದಾಹರಣೆ ಸ್ವೀಟ್, ಚಾಕೊಲೇಟ್, ಕೇಕ್, ಡ್ರೈಫ್ರೂಟ್, ಸೋಡಾ ಪಾನೀಯ, ಹಣ್ಣಿನ ರಸ ತುಂಬಿದ ಪ್ಯಾಕೆಟ್. ನಮ್ಮ ದೀಪಾವಳಿ ಬಾಕ್ಸನ್ನೇ ನೋಡಿ ಬರೆದ ಹಾಗಿದೆ.

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದ ಮೇಲೆ ಸ್ವೀಟ್, ಚಾಕೊಲೇಟ್, ಕೇಕ್, ಗೋಡಂಬಿ, ದ್ರಾಕ್ಷಿ ಎಲ್ಲ ಶೇ. 5. ಇವಷ್ಟೇ ಇದ್ದರೆ ತಲೆನೋವಿಲ್ಲ. 1,000 ರೂಪಾಯಿ ಬಾಕ್ಸಿಗೆ 50 ರೂಪಾಯಿ ತೆರಿಗೆ. ಚೆನ್ನಾಗಿ ಕಾಣಲಿ ಅಂತ ಅದರಲ್ಲಿ 40 ರೂಪಾಯಿಯ ಒಂದು ಕೋಲಾ ಬಾಟಲಿ ಇಟ್ಟಿರಿ ಅಂದುಕೊಳ್ಳಿ. ಕೋಲಾಕ್ಕೆ ಶೇ. 40. ಈಗ ಇಡೀ ಬಾಕ್ಸಿಗೆ ಶೇ. 40, ಅಂದ್ರೆ 400 ರೂಪಾಯಿ ತೆರಿಗೆ! ಒಂದು ಬಾಟಲಿಗಾಗಿ 350 ರೂಪಾಯಿ ಜಾಸ್ತಿ. ಸೆಂಟ್ ಬಾಟಲಿಯೋ ಎಲೆಕ್ಟ್ರಿಕ್ ಕೆಟಲ್ಲೋ ಇಟ್ಟರೆ ಶೇ. 18.

ಇದಕ್ಕೆ ಎರಡು ದಾರಿ. ಆ ವಸ್ತುವನ್ನು ಬಾಕ್ಸಿನಿಂದ ತೆಗೆಯಿರಿ. ಇಲ್ಲವಾದರೆ ಬಿಲ್‌ನಲ್ಲಿ ಪ್ರತಿಯೊಂದಕ್ಕೂ ಬೇರೆ ಸಾಲು, ಬೇರೆ ಬೆಲೆ, ಬೇರೆ ದರ ಹಾಕಿ. ಗಿರಾಕಿಗೂ ಹಾಗೆಯೇ ಬಿಡಿಬಿಡಿಯಾಗಿ ಬೆಲೆ ಹೇಳಿರಬೇಕು. ಬೋರ್ಡಿನ ಮೇಲೆ "ಬಾಕ್ಸ್ 1,000" ಅಂತ ಒಂದೇ ಬೆಲೆ ಹಾಕಿ, ಬಿಲ್‌ನಲ್ಲಿ ಮಾತ್ರ ಒಡೆದು ತೋರಿಸಿದರೆ ಅದು ನಿಲ್ಲುವುದಿಲ್ಲ. ಕೊಟೇಶನ್‌ನಿಂದಲೇ ಶುರುಮಾಡಿ.

ಬಾಕ್ಸ್ ಕೊಳ್ಳುವ ಕಂಪನಿಯವರಿಗೂ ಇದು ಮುಖ್ಯ. ಅವರು ಅದನ್ನು ಗಿಫ್ಟ್ ಕೊಡುವುದರಿಂದ ಆ ತೆರಿಗೆ ಅವರಿಗೆ ಪೂರ್ತಿ ಖರ್ಚು. 100 ಬಾಕ್ಸಿಗೆ 5,000 ಆಗಬೇಕಾದದ್ದು 40,000 ಆದರೆ ಮುಂದಿನ ವರ್ಷ ಆರ್ಡರ್ ಬೇರೆ ಅಂಗಡಿಗೆ ಹೋಗುತ್ತೆ.

ಗಿಫ್ಟ್ ವೋಚರ್

2024ರ ಡಿಸೆಂಬರ್ 31ರ ಸುತ್ತೋಲೆ 243 ಬಂದಮೇಲೆ ಗೊಂದಲ ಕಡಿಮೆಯಾಗಿದೆ. ವೋಚರ್ ಕೊಳ್ಳುವುದು, ಮಾರುವುದು ವಸ್ತುವಿನ ಸಪ್ಲೈಯೂ ಅಲ್ಲ, ಸೇವೆಯ ಸಪ್ಲೈಯೂ ಅಲ್ಲ. ಅದರ ಮೇಲೆ ಜಿಎಸ್‌ಟಿ ಇಲ್ಲ, ಹಾಗಾಗಿ ಕ್ರೆಡಿಟ್ ಪ್ರಶ್ನೆಯೂ ಇಲ್ಲ. ಏಜೆಂಟ್ ತಗೊಳ್ಳುವ ಕಮಿಷನ್‌ಗೆ ತೆರಿಗೆ ಇದೆ. ವೋಚರ್ ಕೊಟ್ಟು ಸಾಮಾನು ಕೊಂಡಾಗ ಆ ಸಾಮಾನಿಗೆ ತೆರಿಗೆ ಬೀಳುತ್ತೆ.

ನಮ್ಮವರಿಗೇ ಕೊಟ್ಟರೆ

ಕೆಲಸದವರು ಮತ್ತು ಮಾಲೀಕರು ಜಿಎಸ್‌ಟಿ ಕಣ್ಣಲ್ಲಿ "ಸಂಬಂಧಿತರು". ಸಂಬಂಧಿತರಿಗೆ ಪುಕ್ಕಟೆ ಕೊಟ್ಟರೂ ಸಪ್ಲೈ ಆಗುತ್ತೆ. ಆದರೆ ಒಬ್ಬ ನೌಕರನಿಗೆ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿವರೆಗಿನ ಗಿಫ್ಟಿಗೆ ವಿನಾಯಿತಿ ಇದೆ. ಆಯುಧ ಪೂಜೆಯ ಸ್ವೀಟು, ಬಟ್ಟೆ ಇದರೊಳಗೇ ಮುಗಿಯುತ್ತೆ. ಕ್ರೆಡಿಟ್ ಮಾತ್ರ ಇಲ್ಲೂ ಇಲ್ಲ. ಕವರ್‌ನಲ್ಲಿ ಹಾಕಿ ಕೊಡುವ ದುಡ್ಡನ್ನು ಗಿಫ್ಟ್ ಅಂತ ಬರೆಯಬೇಡಿ. ಅದು ಬೋನಸ್, ಸಂಬಳದ ಲೆಕ್ಕಕ್ಕೆ ಹಾಕಿ.

ಬೇರೆ ರಾಜ್ಯದಲ್ಲಿ ಬ್ರಾಂಚ್ ಇದ್ದವರು ಒಂದು ತಪ್ಪು ಮಾಡುತ್ತಾರೆ. ಬೆಂಗಳೂರಿನಿಂದ ಹೊಸೂರಿನ ಬ್ರಾಂಚಿಗೆ 300 ಬ್ಯಾಗು ಕಳಿಸಿದರು, "ನಮ್ಮದೇ ತಾನೇ" ಅಂತ ಚಲನ್ ಹಾಕಿದರು. ಅತ್ತಿಬೆಲೆ ದಾಟಿದರೆ ತಮಿಳುನಾಡು, ಅಲ್ಲಿ ಜಿಎಸ್‌ಟಿ ನಂಬರ್ ಬೇರೆ. ನಂಬರ್ ಬೇರೆ ಆದರೆ ಕಾನೂನಿಗೆ ವ್ಯಕ್ತಿಯೇ ಬೇರೆ. ಐಜಿಎಸ್‌ಟಿ (ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಮಾಲಿನ ಜಿಎಸ್‌ಟಿ) ಹಾಕಿ ಇನ್‌ವಾಯ್ಸ್ ಮಾಡಬೇಕು. ಬೆಂಗಳೂರಿನವರಿಗೆ ಇದು ಸಪ್ಲೈ ಆದ್ದರಿಂದ ಅವರ ಕ್ರೆಡಿಟ್ ಉಳಿಯುತ್ತೆ. ಹೊಸೂರಿನಲ್ಲಿ ಹಂಚಿದಾಗ ಅಲ್ಲಿನ ಕ್ರೆಡಿಟ್ ಹೋಗುತ್ತೆ.

ಸಾಗಿಸುವಾಗ ಜೊತೆಗಿರಬೇಕಾದ ಕಾಗದ

ಗಿಫ್ಟಿಗೆ ಟ್ಯಾಕ್ಸ್ ಇನ್‌ವಾಯ್ಸ್ ಇಲ್ಲ. ಹಾಗಂತ ಬರಿಗೈಯಲ್ಲಿ ಗಾಡಿ ಕಳಿಸಬೇಡಿ. ಮೂರು ಪ್ರತಿಯಲ್ಲಿ ಡೆಲಿವರಿ ಚಲನ್ ಮಾಡಿ: ಒಂದು ತಗೊಳ್ಳುವವರಿಗೆ, ಒಂದು ಗಾಡಿಯವರಿಗೆ, ಒಂದು ನಿಮಗೆ. ಕ್ರಮಸಂಖ್ಯೆ, ದಿನಾಂಕ, ಎರಡೂ ಕಡೆಯ ಹೆಸರು ವಿಳಾಸ, ಜಿಎಸ್‌ಟಿ ನಂಬರ್, ವಸ್ತುವಿನ ವಿವರ, ವಸ್ತು ಯಾವ ವರ್ಗದ್ದು ಅಂತ ಹೇಳುವ ಎಚ್‌ಎಸ್‌ಎನ್ ಕೋಡ್ (ಸ್ಟೀಲ್ ಪಾತ್ರೆಗೆ 7323), ಎಷ್ಟು, ಬೆಲೆ, ಸಹಿ. "ಉಚಿತ ಗಿಫ್ಟ್, ಮಾರಾಟಕ್ಕಲ್ಲ" ಅಂತ ಒಂದು ಸಾಲು ಸೇರಿಸಿ. ಬೆಲೆ ಜಾಗದಲ್ಲಿ ಸೊನ್ನೆ ಬರೆಯಬೇಡಿ, ಕೊಂಡ ಬೆಲೆ ಬರೆಯಿರಿ. ಒಂದು ಸಾಗಣೆಯ ಬೆಲೆ 50,000 ದಾಟಿದರೆ ಗಿಫ್ಟ್ ಆದರೂ ಇ-ವೇ ಬಿಲ್ (ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ಪತ್ರ) ಬೇಕು. ಮಾರಾಟವಲ್ಲದ ಸಾಗಣೆಗೂ ಆ ನಿಯಮ ಅನ್ವಯಿಸುತ್ತೆ.

ರಿಟರ್ನ್ ತುಂಬುವಾಗ

ಡಬ್ಬಿ ಮಾರಿದವರು ತಮ್ಮ ರಿಟರ್ನ್ ಹಾಕಿದ ಮೇಲೆ ಆ 3,500 ನಿಮ್ಮ 2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್ ತಾನಾಗಿ ಮಾಡುವ ಕ್ರೆಡಿಟ್ ಪಟ್ಟಿ) ಬಂದು ಕೂರುತ್ತೆ. ಅಲ್ಲಿ ಕಾಣಿಸಿತು ಅಂದ ಮಾತ್ರಕ್ಕೆ ನಿಮ್ಮದಲ್ಲ. ನೀವು ತೆರಿಗೆ ಕಟ್ಟಲು ತುಂಬುವ 3ಬಿ ರಿಟರ್ನ್‌ನ 4ನೇ ಟೇಬಲ್‌ನಲ್ಲಿ ಎ ಭಾಗದಲ್ಲಿ ಪೂರ್ತಿ ಕ್ರೆಡಿಟ್ ತೋರಿಸಿ, ಬಿ(1) ಸಾಲಿನಲ್ಲಿ ಈ 3,500 ರಿವರ್ಸ್ ಮಾಡಿ, ಅಂದ್ರೆ ಬಿಟ್ಟುಕೊಡಿ. 2022ರ ಜುಲೈನಲ್ಲಿ ಬಂದ ಸುತ್ತೋಲೆ 170ರ ನಂತರ ಇದೇ ಕ್ರಮ. ಸುಮ್ನೆ ಎ ಭಾಗದಲ್ಲೇ ಕಮ್ಮಿ ಬರೆದರೆ 2ಬಿಗೂ ರಿಟರ್ನಿಗೂ ತಾಳೆ ಆಗದೆ ಆಮೇಲೆ ವಿವರಣೆ ಕೊಡುತ್ತಾ ಕೂರಬೇಕಾಗುತ್ತೆ.

200 ಡಬ್ಬಿಯಲ್ಲಿ 120 ಆಫರ್‌ಗೆ ಹೋಗಿ 80 ಹಬ್ಬದ ಗಿಫ್ಟ್ ಆದರೆ, 80ರದ್ದು ಮಾತ್ರ ರಿವರ್ಸ್. ಅಂದ್ರೆ 1,400 ರೂಪಾಯಿ. ಈ ಲೆಕ್ಕ ಕೊಡಬೇಕು ಅಂದರೆ ರಿಜಿಸ್ಟರ್ ಇರಲೇಬೇಕು.

ಕಾಂಪೋಸಿಷನ್ ಸ್ಕೀಮ್‌ನಲ್ಲಿ (ಸಣ್ಣವರು ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವುದು) ಇರುವವರಿಗೆ ಕ್ರೆಡಿಟ್ಟೇ ಇಲ್ಲ, ಈ ಭಾಗ ಬಿಟ್ಟುಬಿಡಿ.

ಆದಾಯ ತೆರಿಗೆ: 20,000 ದಾಟಿದರೆ ಟಿಡಿಎಸ್

ಜಿಎಸ್‌ಟಿ ಗೊತ್ತಿದ್ದವರೂ ಇಲ್ಲಿ ಎಡವುತ್ತಾರೆ. 2022ರ ಜುಲೈ 1ರಿಂದ ಹಳೇ ಆದಾಯ ತೆರಿಗೆ ಕಾಯ್ದೆಯಲ್ಲಿ 194ಆರ್ ಅನ್ನೋ ಸೆಕ್ಷನ್ ಬಂತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸಂಬಳ ಬಿಟ್ಟು ಉಳಿದ ಟಿಡಿಎಸ್ (ಕೊಡುವವರೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು) ಬಹುಪಾಲು 393ನೇ ಸೆಕ್ಷನ್‌ನಲ್ಲಿದೆ. ಸಾರ ಇಷ್ಟು: ವ್ಯಾಪಾರ ಅಥವಾ ವೃತ್ತಿ ಮಾಡುವ ಒಬ್ಬರಿಗೆ ಆ ವ್ಯವಹಾರದ ಸಂಬಂಧವಾಗಿ ಒಂದು ವರ್ಷದಲ್ಲಿ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ಲಾಭ ಕೊಟ್ಟರೆ ಶೇ. 10 ಟಿಡಿಎಸ್. ನಾಣ್ಯ, ಫೋನು, ಟೂರು, ವೋಚರ್ ಎಲ್ಲ ಸೇರಿಸಿ ನೋಡಬೇಕು. ಬಿಲ್‌ನಲ್ಲಿ ಕೊಟ್ಟ ಡಿಸ್ಕೌಂಟು, ಖರೀದಿ ಜೊತೆ ಕೊಟ್ಟ ಅದೇ ಮಾಲಿನ ಫ್ರೀ ನಗಗಳು ಇದರಲ್ಲಿ ಬರುವುದಿಲ್ಲ. ಡಿಸ್ಕೌಂಟೇ ಒಳ್ಳೇದು ಅಂತ ನಾನು ಹೇಳುವುದಕ್ಕೆ ಇದೂ ಕಾರಣ.

ಒಬ್ಬರೇ ಮಾಲೀಕರ ಅಂಗಡಿ ಅಥವಾ ಅವಿಭಕ್ತ ಕುಟುಂಬದ ವ್ಯಾಪಾರ ಆಗಿದ್ದು, ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿಲ್ಲ ಅಂದರೆ ನೀವು ಟಿಡಿಎಸ್ ಹಿಡಿಯಬೇಕಿಲ್ಲ. ವೃತ್ತಿಯವರಿಗೆ ಈ ಮಿತಿ 50 ಲಕ್ಷ. ಪಾರ್ಟ್‌ನರ್‌ಶಿಪ್ ಫರ್ಮ್, ಕಂಪನಿಗೆ ಈ ವಿನಾಯಿತಿ ಇಲ್ಲ.

ಒಬ್ಬ ಡೀಲರ್‌ಗೆ 30,000ಕ್ಕೆ ಕೊಂಡ ಫೋನ್ ಕೊಡುತ್ತಿದ್ದೀರಿ. ಜಿಎಸ್‌ಟಿ ಬಿಟ್ಟು ಕೊಂಡ ಬೆಲೆಯೇ ಲೆಕ್ಕ. 20,000 ಕಳೆದು ಉಳಿದದ್ದಕ್ಕಲ್ಲ, ಪೂರ್ತಿ 30,000ಕ್ಕೆ ಶೇ. 10, ಅಂದ್ರೆ 3,000. ಫೋನಿನಲ್ಲಿ ದುಡ್ಡು ಹಿಡಿಯಲು ಆಗಲ್ಲ ಅಲ್ವಾ? ಹಾಗಾಗಿ ಫೋನ್ ಕೈಗೆ ಕೊಡುವ ಮೊದಲೇ ತೆರಿಗೆ ಕಟ್ಟಿದ್ದು ಖಾತ್ರಿ ಆಗಬೇಕು. ಡೀಲರ್ 3,000 ನಿಮಗೆ ಕೊಡಬಹುದು. ತಾನೇ ಮುಂಗಡ ತೆರಿಗೆ ಕಟ್ಟಿ ಚಲನ್ ಪ್ರತಿ, ಘೋಷಣೆ ಕೊಡಬಹುದು. ಅಥವಾ ನೀವೇ ಭರಿಸಬಹುದು. ನೀವೇ ಭರಿಸಿದರೆ ಆ ತೆರಿಗೆಯೂ ಅವರಿಗೆ ಲಾಭವೇ ಆದ್ದರಿಂದ ಲೆಕ್ಕ 30,000 ಭಾಗಿಸು 0.9, ಅಂದ್ರೆ 33,333 ಆಗಿ, ತೆರಿಗೆ 3,333 ಬರುತ್ತೆ. ಪ್ಯಾನ್ ಇಲ್ಲದವರಿಗೆ ಶೇ. 20. ಗಿಫ್ಟ್ ಘೋಷಿಸುವಾಗಲೇ ಪ್ಯಾನ್ ಕೇಳಿ ಇಟ್ಟುಕೊಳ್ಳಿ. ಸಮಾರಂಭದ ದಿನ ವೇದಿಕೆ ಮೇಲೆ ಕೇಳಲು ಆಗುವುದಿಲ್ಲ. ರೀಲ್ಸ್ ಮಾಡಿದವರಿಗೆ 25,000ದ ರೇಷ್ಮೆ ಸೀರೆ ಬಿಟ್ಟುಕೊಟ್ಟರೆ ಅದಕ್ಕೂ ಇದೇ ನಿಯಮ. ಸೀರೆ ವಾಪಸ್ ಬಂದರೆ ಇಲ್ಲ.

ಸಾಮಾನ್ಯ ಗಿರಾಕಿಗಳಿಗೆ ಲಕ್ಕಿ ಡ್ರಾ ಇಟ್ಟು ಸ್ಕೂಟರ್ ಕೊಡುವವರಿಗೆ ಇದು ಬೇರೆ ನಿಯಮ. 10,000 ದಾಟಿದ ಬಹುಮಾನಕ್ಕೆ ಶೇ. 30 ಟಿಡಿಎಸ್. ಇದೂ ಕೀಲಿ ಕೊಡುವ ಮೊದಲೇ ಕಟ್ಟಿರಬೇಕು.

ಗಿಫ್ಟಿನ ಖರ್ಚನ್ನು ವ್ಯಾಪಾರದ ಖರ್ಚು ಅಂತ ತೋರಿಸಲು ಅಡ್ಡಿಯಿಲ್ಲ, ವ್ಯಾಪಾರಕ್ಕಾಗಿಯೇ ಆಗಿರಬೇಕು. ಮಗಳ ಮದುವೆಗೆ ತಂದ ಬೆಳ್ಳಿ ಬಟ್ಟಲು ಈ ಲೆಕ್ಕಕ್ಕೆ ಬರಬಾರದು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟು ಕೊಂಡರೆ ಆ ಖರ್ಚು ಒಪ್ಪುವುದಿಲ್ಲ, ಬ್ಯಾಂಕ್ ಮೂಲಕ ಕೊಡಿ. ಔಷಧ ವ್ಯಾಪಾರದವರು ಡಾಕ್ಟರ್‌ಗಳಿಗೆ ಕೊಡುವ ಗಿಫ್ಟನ್ನು ಖರ್ಚು ಅಂತ ತೋರಿಸಲೇಬೇಡಿ. ವೈದ್ಯರ ನಡತೆ ನಿಯಮಕ್ಕೆ ವಿರುದ್ಧವಾದ ಗಿಫ್ಟ್ ಖರ್ಚಾಗಿ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲೇ ಹೇಳಿದೆ.

ಗಿಫ್ಟ್ ರಿಜಿಸ್ಟರ್

ಕಳೆದುಹೋದ, ಹಾಳಾದ ಮಾಲಿನ ಹಾಗೆಯೇ ಗಿಫ್ಟ್, ಸ್ಯಾಂಪಲ್ ಆಗಿ ಹೋದ ಮಾಲಿನ ಲೆಕ್ಕವನ್ನೂ ಇಡಬೇಕು ಅಂತ ಜಿಎಸ್‌ಟಿ ನಿಯಮ 56 ಹೇಳುತ್ತೆ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. 100 ಪುಟದ ಒಂದು ನೋಟ್‌ಬುಕ್ ಸಾಕು. ನಾನು ಹಾಕಿಸುವ ಕಾಲಂಗಳು ಇವು: ದಿನಾಂಕ, ಯಾರಿಗೆ, ಅವರು ಗಿರಾಕಿಯೋ ಡೀಲರೋ ನೌಕರರೋ, ವಸ್ತು, ಎಷ್ಟು, ಕೊಂಡ ಬಿಲ್ ನಂಬರ್, ಬೆಲೆ, ಅದರ ಜಿಎಸ್‌ಟಿ, ಯಾವ ತಿಂಗಳ 3ಬಿಯಲ್ಲಿ ರಿವರ್ಸ್ ಆಯಿತು. ಡೀಲರ್ ಆದರೆ ಪ್ಯಾನ್ ಮತ್ತು ಈ ವರ್ಷ ಇದುವರೆಗೆ ಕೊಟ್ಟ ಒಟ್ಟು ಮೊತ್ತ. 20,000 ಹತ್ತಿರ ಬಂದದ್ದು ಆ ಕೊನೆಯ ಕಾಲಂನಲ್ಲಿ ತಾನಾಗಿ ಕಾಣುತ್ತೆ.

ಈ ರಿಜಿಸ್ಟರು, ಚಲನ್ ಪ್ರತಿಗಳು, ಆಫರ್ ಬೋರ್ಡಿನ ಫೋಟೊ ಎಲ್ಲವನ್ನೂ ಆ ವರ್ಷದ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ ಯಾವುದೋ ಅಲ್ಲಿಂದ 72 ತಿಂಗಳು ಇಟ್ಟಿರಬೇಕು. ವಿಚಾರಣೆ ನಡೆಯುತ್ತಿದ್ದರೆ ಅದು ಮುಗಿದು ಇನ್ನೂ ಒಂದು ವರ್ಷದವರೆಗೆ ಆ ಫೈಲ್ ಬಿಸಾಕಬೇಡಿ.